ಸಿಟ್ಟಿನ ಅಂಗಡಿಯಪ್ಪನ ಬಾರಿಗಿಡ

ನಮ್ಮ ಹಿತ್ತಲ ಬಾರಿಗಿಡ, ಕೆಲವರು ಬೋರೆ ಅನ್ನುತ್ತಾರಲ್ಲ ಅದು, ಹಣ್ಣು ಬಿಟ್ಟಿತು! ನನ್ನ ಮೊಮ್ಮಗಳು ತನ್ನ ಕೈಯಾರೆ ಕಸಿ ಕಟ್ಟಿದ ಗಿಡ. ಇವತ್ತು ಬೆಳಗ್ಗೆ ಮೊದಲನೆಯ ಹಣ್ಣು ಕಿತ್ತು ನನ್ನ ಅಂಗೈಯಲ್ಲಿಟ್ಟಳು. ಪಾರಿವಾಳದ ಮೊಟ್ಟೆಯಷ್ಟು ದಪ್ಪ, ಒಂದು ಮಗ್ಗುಲು ಹಳದಿ, ಬಿಸಿಲಿಗೆ ತಿರುಗಿದ ಮಗ್ಗುಲು ಇಟ್ಟಂಗಿಯ ಬಣ್ಣ. ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಅದನ್ನು ಹಿಡಿದುಕೊಂಡು ಓಣಿಯ ತುದಿಯತನಕ ಹೋದೆ. ಹಾಲಿನವನಿಗೆ ತೋರಿಸಿದೆ, ಕಿರಾಣಿ ಅಂಗಡಿಯವನಿಗೆ ತೋರಿಸಿದೆ, ಬಸ್ಸಿಗೆ ಓಡುತ್ತಿದ್ದ ಮಾಸ್ತರರನ್ನು ತಡೆದು ತೋರಿಸಿದೆ. "ಮುತ್ಯಾ, ಬಾರಿಹಣ್ಣು ನಾವು ನೋಡಿಲ್ಲೇನು?" ಅಂತ ಅವರು ನಕ್ಕರು. "ಇಂಥಾದ್ದು ನೋಡಿಲ್ಲ ಬಿಡ್ರಿ" ಅಂದೆ.

ನೋಡಬೇಕಾದವನು ಒಬ್ಬನೇ ಇದ್ದ. ಅವನು ಇಲ್ಲ. ಸಂತೋಷವನ್ನು ಬರೆಯಬೇಕೆಂದು ಕೂತರೆ ಅದಕ್ಕೇ ಸಿಟ್ಟು ಮೊದಲು ಬರುತ್ತಿದೆ.

ಅವನು ರಾಯಚೂರಿನಲ್ಲಿ ಪುಸ್ತಕದ ಅಂಗಡಿ ಇಟ್ಟಿದ್ದ. ನಾವು ಅಂಗಡಿಯಪ್ಪ ಅನ್ನುತ್ತಿದ್ದೆವು. ಎದುರಿಗೆ ‘ರೀ’ ಹಚ್ಚಿಯೇ ಮಾತಾಡಿದ್ದೇನೆ. ಈಗ ಏಕವಚನ ಬರುತ್ತಿದೆ, ಬರಲಿ. ಹೇಳದೆ ಕೇಳದೆ ಎದ್ದು ಹೋದವನಿಗೆ ಬಹುವಚನ ಯಾಕೆ? ಅವನ ಕಿವಿಗಳು ದೊಡ್ಡವು, ಹಪ್ಪಳದ ಹಾಗೆ ತೆಳ್ಳಗಿನವು. ಸಿಟ್ಟು ಬಂದರೆ ಬಾಯಿ ತೆರೆಯುವ ಮೊದಲೇ ಅವುಗಳ ತುದಿ ಕೆಂಪಾಗುತ್ತಿತ್ತು. ಗೊತ್ತಿದ್ದ ಗಿರಾಕಿಗಳು ಕಿವಿ ನೋಡಿಯೇ ಮೆಟ್ಟಿಲು ಇಳಿದುಬಿಡುತ್ತಿದ್ದರು.

ನಾನು ಹಮಾಲ. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಮುದುಕನಾದವನು. ಓದಿದ್ದು ಮೂರನೇ ತರಗತಿ; ಇವತ್ತಿಗೂ ಅಕ್ಷರದ ಮೇಲೆ ಬೆರಳಿಟ್ಟೇ ಓದುತ್ತೇನೆ. ಲಾರಿಯ ಜೊತೆ ರಾಯಚೂರಿಗೆ ಹೋದಾಗ, ಚೀಲ ಇಳಿಸಿದ ಮೇಲೆ ಅವನ ಅಂಗಡಿಯ ಹಿಂದಿನ ಬಾರಿಗಿಡದ ನೆರಳಿಗೆ ಕೂಡುತ್ತಿದ್ದೆ. ಉದುರಿದ ಹಣ್ಣು ತಿನ್ನುತ್ತಿದ್ದೆ. ಆ ರುಚಿ ನಾಲಿಗೆಯನ್ನು ಬಿಡಲಿಲ್ಲ. ನಮ್ಮ ಹಿತ್ತಲಲ್ಲೂ ಒಂದು ಬಾರಿಗಿಡ ತಾನಾಗಿ ಎದ್ದಿತ್ತು. ಬರೀ ಮುಳ್ಳು, ಹಣ್ಣು ಬಾಯಿಗಿಟ್ಟರೆ ಹಲ್ಲು ಚುಳ್ಳೆನ್ನುವ ಹುಳಿ. ಇದಕ್ಕೆ ಅದನ್ನು ಕೂಡಿಸಬಹುದಲ್ಲ ಅನ್ನುವ ಹುಚ್ಚು ಹತ್ತಿತು. ಹೊಟ್ಟೆಪಾಡಿಗಲ್ಲ, ಮನಸ್ಸಿನ ಚಟಕ್ಕೆ.

ಒಂದು ದಿನ ಧೈರ್ಯ ಮಾಡಿ ಅಂಗಡಿಯ ಮೆಟ್ಟಿಲು ಹತ್ತಿದೆ. ಮೈತುಂಬ ತೌಡು. ಒಳಗೆ ಇಸ್ತ್ರಿ ಅಂಗಿಯ ದೊಡ್ಡ ಮನುಷ್ಯರೊಬ್ಬರು ದಪ್ಪದಪ್ಪ ಪುಸ್ತಕ ಆರಿಸಿ ಗುಡ್ಡೆ ಹಾಕಿದ್ದರು.

"ಯಪ್ಪಾ, ಕಸಿ ಕಟ್ಟಾದು ಕಲಿಯಾಕ ಪುಸ್ತಕ ಅದ ಏನ್ರಿ?" ಅಂದೆ.

ಆ ದೊಡ್ಡ ಮನುಷ್ಯರು ನಕ್ಕರು. "ಹಮಾಲರೂ ಓದಾಕ ಸುರು ಮಾಡಿದ್ರು ನೋಡ್ರಿ. ಇನ್ನ ಚೀಲ ಯಾರು ಹೊರಬೇಕು?"

ಅಂಗಡಿಯಪ್ಪನ ಕಿವಿ ಕೆಂಪಾದವು.

"ಆ ಪುಸ್ತಕ ಕೆಳಗ ಇಡ್ರಿ," ಅಂದ ಅವರಿಗೆ.

"ಯಾಕ್ರೀ? ರೊಕ್ಕ ಕೊಡಾಂವ ಅದೀನಿ."

"ನಿಮ್ಮ ರೊಕ್ಕಕ್ಕ ಬೆಂಕಿ ಹಚ್ಚ. ಇಳೀರಿ ಮೆಟ್ಟಲ."

ಅವರು ಇಳಿದು ಹೋದರು. ಇನ್ನು ನನಗೆ ನಾಲ್ಕು ಸಮಾಧಾನದ ಮಾತು ಹೇಳುತ್ತಾನೆ ಅಂದುಕೊಂಡೆ. ತಿರುಗಿದವನೇ ನನ್ನ ಮೇಲೆ ಹರಿಹಾಯ್ದ. "ನಿನಗ ಬಾಯಿಲ್ಲೇನಲೇ? ನಗಸ್ಕೊಂಡು ನಿಂತಿ ಕಂಬದಂಗ! ಆ ತೌಡು ಝಾಡಿಸ್ಕೊಂಡು ಒಳಗ ಬಾ."

ಅವನ ಸಿಟ್ಟಿಗೆ ನಾನು ಬಿದ್ದುಹೋದದ್ದು ಆವತ್ತೇ.

ಅವನು ಪುಸ್ತಕ ಮಾರುತ್ತಿದ್ದ ಅನ್ನುವುದು ತಪ್ಪಾಗುತ್ತದೆ. ಜಗಳಾಡಿ ಕೊಡುತ್ತಿದ್ದ, ಬಹಳ ಸಲ ಜಗಳಾಡಿ ಕೊಡುತ್ತಲೇ ಇರಲಿಲ್ಲ. ಈಜು ಕಲಿಯುವ ಪುಸ್ತಕ ಕೇಳಿದವನಿಗೆ "ಪುಸ್ತಕ ಹಿಡ್ಕೊಂಡು ಮುಳಗ್ತಿ. ಈಜು ಬರೋರನ್ನ ಕರ್ಕೊಂಡು ಕಾಲುವಿಗೆ ಹೋಗು" ಅಂದ. ಹಾರ್ಮೋನಿಯಂ ಪುಸ್ತಕ ಕೇಳಿ ಬಂದ ಹೆಣ್ಣುಮಗಳಿಗೆ "ಫೋನಿನ್ಯಾಗ ಕೇಳಿ ಕಲಿಯವ್ವಾ, ಕಾಗದ ದನಿ ಮಾಡಂಗಿಲ್ಲ" ಅಂದು ಬರಿಗೈಲಿ ಕಳಿಸಿದ. ಪುಸ್ತಕ ಮಾರುವವನೇ ಹೀಗಂದರೆ ಹೊಟ್ಟೆ ತುಂಬುವುದು ಹೇಗ್ರೀ ಅಂತ ಕೇಳಿದೆ. ಅದಕ್ಕೂ ಬೈಸಿಕೊಂಡೆ.

ನನಗೆ ಕೊಟ್ಟ ಪುಸ್ತಕದಲ್ಲಿ ಅಕ್ಷರ ದಪ್ಪ, ಚಿತ್ರ ಬಹಳ. ಎಲೆಯ ಬುಡದಲ್ಲಿ ಸಣ್ಣ ಮೊಗ್ಗು ಇರುತ್ತದಲ್ಲ, ಅದಕ್ಕೆ ಕಣ್ಣು ಅನ್ನುತ್ತಾರೆ. ಒಳ್ಳೆಯ ಗಿಡದ ಕಣ್ಣನ್ನು ಸಿಪ್ಪೆ ಸಮೇತ ಎಬ್ಬಿಸಿ, ಮುಳ್ಳುಗಿಡದ ತೊಗಟೆ ಸೀಳಿ ಒಳಗೆ ಕೂಡಿಸಿ ಕಟ್ಟಬೇಕು. ಓದಲಿಕ್ಕೆ ಇಷ್ಟೇ. ಅವನ ಗಿಡದ ಟೊಂಗೆ ಒಯ್ದು ಕಟ್ಟಿದೆ. ಕಣ್ಣು ಒಣಗಿ ಉದುರಿತು. ಮರುವರ್ಷವೂ ಉದುರಿತು. ಚಿತ್ರದಲ್ಲಿ ಚಾಕು ನಿಂತಲ್ಲೇ ನಿಂತಿತ್ತು. ಎಷ್ಟು ಹಗುರ ಎಳೆಯಬೇಕೆಂದು ಅದು ಹೇಳಲಿಲ್ಲ. ಚೀಲಕ್ಕೆ ಕೊಕ್ಕೆ ಹಾಕಿ ಎಳೆದ ಕೈ ನನ್ನದು. ತೊಗಟೆ ದಾಟಿ ಕಟ್ಟಿಗೆಗೇ ಇಳಿಯುತ್ತಿತ್ತು.

ಹೋಗಿ ಹೇಳಿದೆ. ಪೆನ್ಸಿಲ್ ತೆಗೆದು ನನ್ನ ಮುಂದೆ ಒಗೆದ. "ಬರಿ. ಅಲ್ಲೇ ಅಂಚಿನ್ಯಾಗ ಬರಿ, ಆಗಲಿಲ್ಲ ಅಂತ."

"ಪುಸ್ತಕ ಕೆಡ್ತದಲ್ರೀ."

"ಕೆಡ್ಲಿ! ಬರದಾಂವ ರಾಯಚೂರ ಬಿಸಲು ನೋಡ್ಯಾನೇನು? ಅಂಚು ಖಾಲಿ ಬಿಟ್ಟಿದ್ದು ಚಂದಕ್ಕಲ್ಲಲೇ, ನೀ ಜಗಳಾಡಾಕ."

‘ಆಗಲಿಲ್ಲ’ ಅಂತ ಬರೆದೆ. ಅಚ್ಚಾದ ಪುಸ್ತಕದ ಮೇಲೆ ನನ್ನ ಕೈಯ ಮೊದಲ ಮಾತು ಅದು.

ಮೊಮ್ಮಗಳು ಬೆಳೆದಳು. ಹಮಾಲನ ಮೊಮ್ಮಗಳು ಟೀಚರ್ ಆದಳು! ದೇವದುರ್ಗದಲ್ಲಿ ಕೋಣೆ ಮಾಡಿಕೊಂಡು ಗಬ್ಬೂರಿನ ಶಾಲೆಗೆ ಬಸ್ಸಿನಲ್ಲಿ ಹೋಗಿಬಂದು ಕಲಿಸುತ್ತಾಳೆ, ಶನಿವಾರ ಮಾನ್ವಿಗೆ ಬರುತ್ತಾಳೆ. ನನ್ನ ಹುಚ್ಚು ಅವಳಿಗೂ ಹತ್ತಿತು. ಆದರೆ ನನ್ನ ಪುಸ್ತಕ ಬೇಡ.

"ಮುತ್ಯಾ, ನಿನ್ನ ಪುಸ್ತಕಕ್ಕ ಬೂಸ್ಲು ಹತ್ಯದ. ನನ್ನ ಫೋನಿನ್ಯಾಗ ಕಸಿ ಮ್ಯಾಲ ನೂರು ಪುಸ್ತಕ ಅದಾವ."

"ನೂರರಾಗ ಒಂದರ ಓದೀಯೇನು?"

ಜೂನ್ ತಿಂಗಳ ಒಂದು ಭಾನುವಾರ ಫೋನನ್ನು ಟೊಂಗೆಗೆ ಕಟ್ಟಿಕೊಂಡು ತಾನೇ ಕಸಿಗೆ ಕೂತಳು. ಬಿಸಿಲಿಗೆ ಫೋನಿನಲ್ಲಿ ಅವಳ ಮುಖವೇ ಕಾಣುತ್ತಿತ್ತು, ಪುಸ್ತಕ ಕಾಣಲಿಲ್ಲ. ಅಂಟು ಹತ್ತಿದ ಬೆರಳಿಗೆ ಹಾಳೆ ಸರಿಯಲಿಲ್ಲ. ತೊಗಟೆ ಸೀಳಿ ಬಾಯಿ ತೆರೆದು ನಿಂತಿದೆ, ಕಣ್ಣು ಅವಳ ಬೆರಳ ತುದಿಯಲ್ಲಿದೆ, ಅಷ್ಟರಲ್ಲಿ ಫೋನ್ ಕಾದು ಹೆಂಚಾಗಿ ತಾನೇ ಮುಚ್ಚಿಕೊಂಡಿತು. ನಮ್ಮ ಬಿಸಿಲಿಗೆ ಅದೂ ಕೈ ಎತ್ತಿತು. ನಾನು ನಕ್ಕೆ. ಅವಳು ಆವತ್ತು ಉಣ್ಣಲಿಲ್ಲ.

ಪುಸ್ತಕ ಹೆಚ್ಚೋ ಫೋನ್ ಹೆಚ್ಚೋ, ನ್ಯಾಯ ತೀರಲಿ ಅಂತ ಇಬ್ಬರೂ ರಾಯಚೂರಿಗೆ ಹೋದೆವು. ಅಂಗಡಿಯಪ್ಪನಿಗೆ ಮೈಯಲ್ಲಿ ಆರಾಮಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಮಂಚ ಹಾಕಿಕೊಂಡು ಕೆಮ್ಮುತ್ತ ಮಲಗಿದ್ದ. ಕತೆ ಕೇಳಿ ಎದ್ದು ಕೂತ.

"ಕಸಿ ಕಟ್ಟುವಾಗ ಕೈಗೆ ಏನ್ ಹತ್ತಿರ್ತದ?" ಅಂತ ಅವಳನ್ನು ಕೇಳಿದ.

"ಅಂಟು. ಮಣ್ಣು."

"ಹಂಗಾರ ಬಿಸಲಾಗ ಫೋನ್ ಯಾಕ ಒಯ್ದಿ?"

ನಾನು ಉಬ್ಬಿಹೋದೆ. ನನ್ನ ಕಡೆ ತಿರುಗಿದ. "ನೀ ಹಲ್ಲ ಕಿಸೀಬ್ಯಾಡ. ಎರಡು ವರ್ಷ ಪುಸ್ತಕ ಹಿಡ್ಕೊಂಡು ಗಿಡಕ್ಕ ಗಾಯ ಮಾಡಿದಾಂವ ನೀನ. ಚಾಕು ಹ್ಯಾಂಗ ನಡೀತದ ಅಂತ ಮೊಮ್ಮಗಳ ಫೋನಿನ್ಯಾಗ ಒಮ್ಮೆರ ನೋಡೀಯೇನು? ಇಬ್ರಿಗೂ ಬುದ್ಧಿಲ್ಲ. ನೋಡಾದು ಮನ್ಯಾಗ, ನೆರಳಿನ್ಯಾಗ, ಫೋನಿನ್ಯಾಗ, ಕೈಗೆ ಬರೋತನ. ಗಿಡದ ಬುಡಕ್ಕ ಹೋಗುವಾಗ ಪುಸ್ತಕ. ಮ್ಯಾಲೊಂದು ಕಲ್ಲಿಟ್ಟರ ಹಾಳಿ ನಿಲ್ತದ. ಅಂಟು ಹತ್ತಲಿ, ಮಣ್ಣು ಹತ್ತಲಿ, ಅದು ಏನೂ ಅನ್ನಂಗಿಲ್ಲ."

ಇಳಿಯುವಾಗ ಮತ್ತೆ ಕೂಗಿದ. "ಹಣ್ಣು ಬಂದ ಮ್ಯಾಲ ತಂದು ತೋರಸ್ರಿ. ಅಲ್ಲಿತನ ಮಾರಿ ತೋರಸಬ್ಯಾಡ್ರಿ!"

ಆ ಮಳೆಗಾಲವೆಲ್ಲ ಅವಳು ಮನೆಯಲ್ಲಿ ಫೋನ್ ನೋಡಿ ಬೇಲಿಯ ಗಿಡಗಳ ಮೇಲೆ ಕೈ ಪಳಗಿಸಿಕೊಂಡಳು. ಬೇಸಿಗೆಯಲ್ಲಿ ಹಿತ್ತಲ ಮುಳ್ಳುಗಿಡವನ್ನು ಮೊಳಕಾಲೆತ್ತರಕ್ಕೆ ಕಡಿದು ಹೊಸ ಚಿಗುರು ಬರಿಸಿಟ್ಟೆವು. ಇನ್ನು ಅಂಗಡಿಯಪ್ಪನ ಗಿಡದ ಕಣ್ಣು ತರುವುದಷ್ಟೇ ಬಾಕಿ.

ಅಷ್ಟರಲ್ಲಿ ಅವನು ಸತ್ತ. ತಾನೇ ಮಾತು ಹಾಕಿ, ತಾನೇ ಎದ್ದು ಹೋದ.

ಮಣ್ಣಿಗೆ ಬಂದವರು "ಮನುಷ್ಯ ಚಲೋ ಇದ್ದ, ಬಾಯಿ ಒಂದು ಕೆಟ್ಟದಿತ್ತು" ಅಂತ ಮಾತಾಡಿಕೊಂಡರು. ಕೇಳಿ ನನ್ನ ಮೈ ಉರಿಯಿತು. ಯಾರಿಗೆ ಕೆಟ್ಟದ್ದಿತ್ತು? ನನ್ನಂಥವನನ್ನು ನೋಡಿ ನಕ್ಕವರಿಗೆ ಕೆಟ್ಟದ್ದಿತ್ತು. ಒಳ್ಳೆಯ ಬಾಯಿಯ ಅಂಗಡಿಗಳನ್ನೂ ನಾನು ನೋಡಿದ್ದೇನೆ. "ಮುಂದ ಹೋಗಪ್ಪಾ" ಅಂತ ಮೆತ್ತಗೆ ಹೇಳಿ ಹೊಸ್ತಿಲು ದಾಟಗೊಡದವು.

ಅಂಗಡಿ ಬಾಡಿಗೆಯದು. ಕೆಲವು ದಿನಕ್ಕೆ ಅವನ ಮಗಳು ಫೋನ್ ಮಾಡಿದಳು. "ಕಾಕಾ, ಕಟ್ಟಡದ ಮಾಲಕರು ಕೆಡವಾಕತ್ತಾರ. ನಾಳೆ ಜೆಸಿಬಿ ಬರ್ತದಂತ. ಗಿಡ ಉಳಿಯಂಗಿಲ್ಲ."

ಮೊಮ್ಮಗಳಿಗೆ ರಜೆ ಇತ್ತು. ಮೊದಲ ಬಸ್ಸಿಗೆ ಹೊರಟೆವು. ಹೋಗುವುದರೊಳಗೆ ಜೆಸಿಬಿ ಮುಂದಿನ ಗೋಡೆ ಕೆಡವಿ ಹಿಂದಿನ ಅಂಗಳಕ್ಕೆ ಬಂದಿತ್ತು. ನಾನು ಓಡಿಹೋಗಿ ಗಿಡಕ್ಕೆ ಬೆನ್ನು ಹಚ್ಚಿ ನಿಂತೆ.

"ಏ ಮುದುಕಾ, ಸರಿ ಆ ಕಡೆ!" ಅಂದ ಡ್ರೈವರ್.

ಬದುಕಿಡೀ ಸರಿದವನು ನಾನು. ಲಾರಿ ಬಂದರೆ ಸರಿದೆ, ಸಾಹುಕಾರ ಬಂದರೆ ಸರಿದೆ. ಆವತ್ತು ಏನಾಯಿತೋ! "ಸರಿಯಂಗಿಲ್ಲಲೇ! ಸತ್ತಾಂವನ ಗಿಡ ಇದು. ಅದರ ಕಣ್ಣು ತಗೊಳ್ಳೋತನ ಮುಟ್ಟಿದ್ರ ನನ್ನ ಮ್ಯಾಲ ಹಾಯಿಸು!" ಗಂಟಲು ನನ್ನದು, ಕೂಗು ಅಂಗಡಿಯಪ್ಪನದು.

ಡ್ರೈವರ್ ಮಷೀನ್ ಬಂದ್ ಮಾಡಿದ. ನನ್ನನ್ನು ನೋಡಿದ, ಟೊಂಗೆ ಹಿಡಿದು ನಿಂತ ಮೊಮ್ಮಗಳನ್ನು ನೋಡಿದ. "ಚಾ ಕುಡ್ದು ಬರ್ತೀನಿ. ಅಷ್ಟರಾಗ ಮುಗಿಸ್ಕೊಳ್ರಿ," ಅಂದು ಇಳಿದು ಹೋದ.

ಅವಳು ಟೊಂಗೆ ಕತ್ತರಿಸಿ, ಎಲೆ ತೆಗೆದು, ತೊಟ್ಟು ಮಾತ್ರ ಉಳಿಸಿ, ನನ್ನ ಟವೆಲ್ ತೋಯಿಸಿ ಸುತ್ತಿಕೊಂಡಳು. ನಾವು ರಸ್ತೆಯ ತಿರುವು ಮುಟ್ಟುವಷ್ಟರಲ್ಲಿ ಹಿಂದೆ ಕಟಕಟ ಸಪ್ಪಳವಾಯಿತು. ನಾನು ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಆ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ನೀರು ಚಿಮುಕಿಸಿದಳು. "ಏನ್ರಿ ಟೀಚರ್, ಕೂಸಿನಂಗ ಹಿಡ್ಕೊಂಡೀರಲ್ಲ" ಅಂದ ಗುರುತಿನ ಕಂಡಕ್ಟರ್. ಮನೆಗೆ ಬಂದವಳೇ ಫೋನನ್ನು ಒಳಗಿಟ್ಟಳು. ನನ್ನ ಪುಸ್ತಕವನ್ನು ನೆಲದ ಮೇಲೆ ತೆರೆದು ಕಲ್ಲಿಟ್ಟಳು. ಅವಳ ಕೈಗೆ ಬಿಸಿಲು ಬೀಳದಂತೆ ನಾನು ಕೊಡೆ ಹಿಡಿದೆ. ಆ ಚಾಕು ಎಷ್ಟು ಹಗುರ ಹೋಯಿತು ಅಂತೀರಿ! ಬೆಣ್ಣೆಯ ಮೇಲೆ ಬೆರಳಾಡಿಸಿದ ಹಾಗೆ. ಪಟ್ಟಿ ಹೇಗೆ ಸುತ್ತಬೇಕೆಂಬಲ್ಲಿ ತಡವರಿಸಿದಳು, ಅಂಟಿನ ಬೆರಳಿಂದಲೇ ಹಾಳೆ ತಿರುವಿದಳು. ಆ ಕಲೆ ಇವತ್ತಿಗೂ ಅಲ್ಲಿದೆ.

ಕೆಲವು ವಾರಗಳ ಮೇಲೆ ತೊಟ್ಟು ಮುಟ್ಟಿ ನೋಡಬೇಕು. ತಾನೇ ಉದುರಿದರೆ ಕಸಿ ಹಿಡಿಯಿತು, ಒಣಗಿ ಅಂಟಿಕೊಂಡಿದ್ದರೆ ಸತ್ತಿತು. ಕಟ್ಟಿದವೆಲ್ಲ ಒಣಗಿ ಅಂಟಿಕೊಂಡಿದ್ದವು, ಒಂದನ್ನು ಬಿಟ್ಟು. ಆ ಒಂದು ಮುಟ್ಟಿದೊಡನೆ ಉದುರಿತು. ಅದರ ಕೆಳಗೆ ಹಸಿರು ಕಣ್ಣು. ಹೋದ ವರ್ಷ ಹೂ ಬಿಟ್ಟು ಉದುರಿಸಿತು. ಈ ವರ್ಷ ಹಣ್ಣು.

ಹಣ್ಣು ಬಂದ ಮೇಲೆ ತಂದು ತೋರಿಸು ಅಂದಿದ್ದನಲ್ಲ! ಎಲ್ಲಿಗೆ ಒಯ್ಯಲಿ? ಅಂಗಡಿ ಇದ್ದಲ್ಲಿ ಸಿಮೆಂಟು ಹಾಕಿ ಗಾಡಿ ನಿಲ್ಲಿಸಿದ್ದಾರೆ. ಅವನ ಮಗಳಿಗೆ ಫೋನ್ ಹಚ್ಚಿದೆ. "ಇವತ್ತು ಸಂಜಿಗೆ ಮಾನ್ವಿಗೆ ಬಾ. ಊಟಕ್ಕ ಇಲ್ಲೇ. ಒಲ್ಲೆ ಅಂದ್ರ ನಾನ ಬಂದು ಎಳ್ಕೊಂಡು ಬರ್ತೀನಿ!"

ಬಂದಳು. ಸಂಜೆಗೆ ಎಲ್ಲರೂ ಸಾಲಾಗಿ ಕೂತೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ನಡುವೆ ಒಂದು ತಾಟಿನಲ್ಲಿ ಬಾರಿಹಣ್ಣು. ಮೊದಲನೆಯದನ್ನು ಅವನ ಮಗಳಿಗೆ ಕೊಟ್ಟೆವು. ಕಚ್ಚಿದಳು. ಬೀಜವನ್ನು ಬಾಯೊಳಗೇ ಬಹಳ ಹೊತ್ತು ಇಟ್ಟುಕೊಂಡು ಕೂತಳು. ಆಮೇಲೆ "ಅದೇ ರುಚಿ ಅದ, ಕಾಕಾ" ಅಂದಳು.

ನನಗೆ ತಡೆಯಲಾಗಲಿಲ್ಲ. "ಆ ಪುಸ್ತಕ ತಾ, ಪೆನ್ಸಿಲ್ ತಾ" ಅಂದೆ ಮೊಮ್ಮಗಳಿಗೆ. ತಂದಳು. ನನ್ನ ಮಗ ನಡುವೆ ಬಾಯಿ ಹಾಕಿದ. "ಊಟದ ಕೈಲೆ ಮುಟ್ಟಬ್ಯಾಡಪ್ಪಾ, ಹಾಳಿ ಹೊಲಸಾಗ್ತಾವ. ಫೋಟೋ ಹೊಡದು ಫೋನಿನ್ಯಾಗ ಇಡೋಣು."

"ಹೊಲಸಾಗ್ಲಿ ಬಿಡಲೇ! ಮುಟ್ಟಾಕ ಅಂತನ ಅದ ಅದು!"

ಎಲ್ಲರ ಕೈಯೂ ತಾಟಿನಲ್ಲೇ ನಿಂತಿತು. ಅವನ ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು.

"ಕಾಕಾ, ನಿಮ್ಮ ಕಿವಿ ಕೆಂಪಾಗ್ಯಾವ."

ಎಡಗೈಯಿಂದ ಮುಟ್ಟಿ ನೋಡಿಕೊಂಡೆ. ಬಿಸಿಯಾಗಿದ್ದವು. ಪುಂಡಿಪಲ್ಯದ ಕೈಯಲ್ಲೇ ಪೆನ್ಸಿಲ್ ಹಿಡಿದು, ‘ಆಗಲಿಲ್ಲ’ ಅಂತ ಇದ್ದಲ್ಲಿ ಅದರ ಕೆಳಗೆ ‘ಆಯಿತು’ ಅಂತ ಬರೆದೆ. ಹೆಬ್ಬೆರಳಿನ ಗುರುತು ದೊಡ್ಡದಾಗಿಯೇ ಬಿತ್ತು.

"ಸಾಕಿನ್ನ, ಉಣ್ರಿ," ಅಂದಳು ನನ್ನ ಹೆಂಡತಿ, ಅವನ ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ. ಎಲ್ಲರೂ ಉಂಡೆವು.