ಜ್ವರದವರ ಎಲೆಗಳು

ನಮ್ಮ ಕೆದಂಬಾಡಿಯ ಮನೆಯಲ್ಲಿ ನಾನು ಅನುಕರಿಸದ ಗಂಟಲಿಲ್ಲ. ಮಾವ ಫೋನಿನಲ್ಲಿ ಸುಳ್ಳು ಹೇಳುವ ಮೊದಲು ಕೆಮ್ಮುವುದು, ದೊಡ್ಡಮ್ಮ ಧಾರಾವಾಹಿ ನೋಡುತ್ತಾ ಮೂಗೆಳೆಯುವುದು, ಹುಡುಗಿಯರ ಮುಂದೆ ನನ್ನದೇ ದನಿ ಸಣ್ಣಗಾಗುವುದು, ಎಲ್ಲವನ್ನೂ ಮಾಡಿ ತೋರಿಸಿ ಬೈಸಿಕೊಂಡಿದ್ದೇನೆ. ಅಜ್ಜಿಯದಂತೂ ಕಣ್ಣು ಮುಚ್ಚಿ ಕೇಳಿದರೆ ಅಜ್ಜಿಯೇ.

ಮಳೆಗಾಲದ ಆಟಿ ತಿಂಗಳಲ್ಲಿ ನಾವು ಸತ್ತ ಹಿರಿಯರಿಗೆ, ಅಂದರೆ ಕುಲೆಗಳಿಗೆ, ಬಡಿಸುತ್ತೇವೆ. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ, ರೊಟ್ಟಿ, ಕೋಳಿ ಸಾರು; ಬೀಡಿ ಸೇದುತ್ತಿದ್ದವರಿಗೆ ಬೀಡಿ. ಬಡಿಸಿದ ಮೇಲೆ ಮನೆಯ ಹಿರಿಯ ಹೆಂಗಸು ಒಬ್ಬಳೇ ಒಳಗೆ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು. ನಾವೆಲ್ಲ ಬಾಗಿಲ ಹೊರಗೆ. ಹೆಸರು ಕರೆಯದಿದ್ದರೆ ಅವರು ಹೊಸಿಲು ದಾಟುವುದಿಲ್ಲ.

ಕೊನೆಯ ಸಾಲು ಜ್ವರದವರದು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಹಡಗಿನಲ್ಲಿ ದೇಶಕ್ಕೆ ಬಂದ ಇನ್‌ಫ್ಲುಯೆಂಜಾ, ಅಜ್ಜಿಯ ತಾಯಿಯೊಬ್ಬಳನ್ನು ಬಿಟ್ಟು ಆಕೆಯ ಮನೆಯವರನ್ನೆಲ್ಲ ಕೊಂಡೊಯ್ದಿತ್ತು. ಆಕೆ ಆಗ ಸಣ್ಣ ಹುಡುಗಿ. ಹೊರಲು ಜನವಿಲ್ಲದೆ ಎಲ್ಲರನ್ನೂ ಒಂದೇ ಗುಂಡಿಗೆ ಹಾಕಿದರಂತೆ. ಹದಿನಾರನೆಯ ದಿನದ ಉತ್ತರಕ್ರಿಯೆ, ಬೊಜ್ಜವೂ ಇಲ್ಲ. ಅವರ ಪಾಲಿಗೆ ಉಳಿದದ್ದು ವರ್ಷಕ್ಕೊಂದು ಊಟ. ಆ ಹೆಸರುಗಳು ತಾಯಿಯಿಂದ ಅಜ್ಜಿಯ ಬಾಯಿಗೆ ಬಂದವು, ಅಲ್ಲೇ ನಿಂತವು. "ಅಜ್ಜಿಗೆ ಗೊತ್ತುಂಟಲ್ಲ" ಎಂದು ನಾವು ಹಾಯಾಗಿದ್ದೆವು.

ಈ ವರ್ಷ ಅಜ್ಜಿಗೇ ಇನ್‌ಫ್ಲುಯೆಂಜಾ ಬಂತು. ಪುತ್ತೂರಿನ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿ ಉಳಿಸಿದರು. ಉಳಿದ ಅಜ್ಜಿ ಮನೆಗೆ ಬಂದು ನನ್ನ ಮುಖ ನೋಡಿ, "ನೀನು ಯಾರ ಪೈಕಿ ಮಗಾ?" ಎಂದು ಕೇಳಿದರು.

"ನಿಮ್ಮದೇ ಪೈಕಿ ಅಜ್ಜಿ, ಹಾಳಾದ ಪೈಕಿ," ಎಂದೆ. ಮೊದಲಾದರೆ ಕೋಲು ಎತ್ತುತ್ತಿದ್ದರು. ಈಗ ಸುಮ್ಮನೆ ತಲೆಯಾಡಿಸಿದರು.

ಆಟಿಯಲ್ಲಿ ಎಲೆ ಹಾಕಿ, ಬಡಿಸಿ, ಉಳಿದವರನ್ನು ದೊಡ್ಡಮ್ಮ ಕರೆದಾಯಿತು; ಜ್ವರದವರ ಸಾಲಿಗೆ ಬಂದಾಗ ಒಬ್ಬರ ಮುಖ ಒಬ್ಬರು ನೋಡಿದೆವು.

"ನೀನೇ ಕರೆ ಮಾರಾಯ," ಎಂದರು ಮಾವ ನನಗೆ. "ನಿನಗೆ ಅಮ್ಮನ ಸ್ವರ ಬರ್ತದಲ್ಲ."

"ಸ್ವರ ಉಂಟು ಮಾವ. ಹೆಸರು ಎಲ್ಲಿಂದ ತರುದು?"

"ಪ್ರತಿ ವರ್ಷ ಬಾಗಿಲಿಗೆ ಕಿವಿ ಇಟ್ಟು ನಿಲ್ತಿದ್ದೆಯಲ್ಲ, ಎಂತ ಕೇಳ್ತಿದ್ದದ್ದು?"

ಕೇಳಿದ್ದು ರಾಗ ಮಾತ್ರ. ಹೆಸರು ಬಂದಾಗ ಅಜ್ಜಿ ದನಿ ಇಳಿಸುತ್ತಿದ್ದರು. ಆದರೂ ಕರೆದೆ: "ಬನ್ನಿ, ಉಣ್ಣಲಿಕ್ಕೆ ಬನ್ನಿ..." ಹೆಸರು ಬರಬೇಕಾದಲ್ಲಿ ಬರೀ ಗುನುಗಿದೆ. ಅಷ್ಟು ಸರಿಯಾಗಿ ನಾನು ಯಾರನ್ನೂ ಅನುಕರಿಸಿರಲಿಲ್ಲ. ಕೇಳಲಾಗದೆ ನಾನೇ ನಿಲ್ಲಿಸಿದೆ.

"ಜ್ವರದಲ್ಲಿ ಹೋದವರೆಲ್ಲ ಬನ್ನಿ ಅಂತ ಹೇಳಿದ್ರೆ ಸಾಕಲ್ಲ?" ಎಂದರು ದೊಡ್ಡಮ್ಮ.

"ಎಲ್ಲ ಅಂದ್ರೆ ಯಾರು?" ಎಂದು ಮಾವ ಸಿಡುಕಿದರು. "ಊರಿಗೆ ಊರೇ ಹೋದದ್ದು ಅದರಲ್ಲಿ."

ಕೊನೆಗೆ ಅಜ್ಜಿಯನ್ನೇ ಕೈಹಿಡಿದು ತಂದು ಆ ಸಾಲಿನ ಮುಂದೆ ನಿಲ್ಲಿಸಿದೆವು. ಮಾವ ಬಗ್ಗಿ ಕೇಳಿದರು: "ಅಮ್ಮಾ, ಇದು ಯಾರ ಎಲೆ?"

ಅಜ್ಜಿ ಎಲೆಯನ್ನು ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಕೂತು, ರೊಟ್ಟಿ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರು. ಕುಲೆಗಳು ಉಣ್ಣುವ ಮೊದಲು ಬದುಕಿರುವವರು ಮುಟ್ಟಬಾರದ ಎಲೆ. ತಡೆಯಲು ಹೋದ ದೊಡ್ಡಮ್ಮನ ಕೈಯನ್ನು ಮಾವ ಹಿಡಿದರು.

"ಉಪ್ಪು ಕಮ್ಮಿ," ಎಂದರು ಅಜ್ಜಿ.

ಅವರು ಉಂಡು ಮುಗಿಸುವ ತನಕ ಕಾದೆವು. ಆ ಸಾಲಿನ ಉಳಿದ ಎಲೆಗಳನ್ನು ಮಾವ ಯಾರನ್ನೂ ಕರೆಯದೆ ಮಡಚಿದರು.