ಏರುತ್ತಿದ್ದ ಆಯಿಲ್, ಇಳಿಯುತ್ತಿದ್ದ ಮುಳ್ಳು

ನನಗೆ ಯಾರ ಮೇಲೂ ಸುಲಭವಾಗಿ ನಂಬಿಕೆ ಬರುವುದಿಲ್ಲ. ಇದು ಒಂದು ಕಾಯಿಲೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸಾಗರದ ಕೋರ್ಟಿನಲ್ಲಿ ಇಷ್ಟು ವರ್ಷ ನನಗೆ ಅನ್ನ ಹಾಕಿದ ಗುಣವನ್ನು ಕಾಯಿಲೆ ಎನ್ನಲು ನನಗೆ ಮನಸ್ಸಿಲ್ಲ. ಕಕ್ಷಿದಾರ ಕಾಲುನೋವು ಎಂದರೂ, ಯಾವ ಕಾಲು ಅಂತ ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ ಕೇಳುವವನು ನಾನು.

ಇಂಥವನು ಅರವತ್ತರ ದಶಕದ ನಡುವೆ ಒಂದು ಹಳೆಯ ಕಾರು ಕೊಂಡೆ. ಓಡಿಸಲು ಗುತ್ಯಪ್ಪ ಬಂದ. ಲಿಂಗನಮಕ್ಕಿಯ ಅಣೆಕಟ್ಟಿನ ಕೆಲಸದಲ್ಲಿ ಲಾರಿ ಹೊಡೆದವನು, ಮಾತು ಕಡಿಮೆ. ಮಾತು ಕಡಿಮೆ ಇರುವವನನ್ನು ಯಾವ ವಕೀಲ ನಂಬಿದ್ದಾನೆ?

ಎರಡು ತಿಂಗಳಾಗುವಷ್ಟರಲ್ಲಿ ಕಾರು ಪೆಟ್ರೋಲನ್ನು ಹೆಚ್ಚಾಗಿ ಕುಡಿಯತೊಡಗಿತು. ಆಯಿಲ್ ಒತ್ತಡ ತೋರಿಸುವ ಮೀಟರಿನ ಮುಳ್ಳೂ ದಿನದಿನಕ್ಕೆ ಕೆಳಗಿಳಿಯಿತು. ಗುತ್ಯಪ್ಪ ಆಯಿಲ್ ಕದಿಯುತ್ತಿದ್ದಾನೆ ಅಂದುಕೊಂಡೆ. ಅವನು ಬರುವ ಮೊದಲೇ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡತೊಡಗಿದೆ.

"ಬೆಳಿಗ್ಗೆ ಬೆಳಿಗ್ಗೆ ಅದರ ಹೊಟ್ಟೆ ಯಾಕೆ ಬಗೀತೀರಿ?" ಎಂದಳು ಹೆಂಡತಿ.

ವಿಚಿತ್ರವೆಂದರೆ ಆಯಿಲ್ ಇಳಿದಿರಲಿಲ್ಲ, ಏರುತ್ತಿತ್ತು! ಬೇರೆ ಯಾರಾದರೂ ಇಲ್ಲಿಗೆ ಸುಮ್ಮನಾಗುತ್ತಿದ್ದರು. ನಾನು ಬೆರಳಿಗೆ ಹಚ್ಚಿ ನೋಡಿದೆ: ನೀರಿನಂತೆ ತೆಳ್ಳಗೆ, ಮೂಸಿದರೆ ಘಾಟು. ಸರಿ, ಒಳ್ಳೆಯ ಆಯಿಲನ್ನು ಮಾರಿಕೊಂಡು ಸೀಮೆಎಣ್ಣೆ ತುಂಬುತ್ತಿದ್ದಾನೆ, ಅಳತೆ ತಪ್ಪಿ ಹೆಚ್ಚು ಸುರಿದಿದ್ದಾನೆ. ಪೆಟ್ರೋಲೂ ಅವನ ಪಾಲಿಗೇ. ತೀರ್ಪು ಬರೆದಾಗಿತ್ತು, ಆರೋಪಿಯನ್ನು ವಿಚಾರಿಸುವುದೊಂದೇ ಬಾಕಿ.

ತೀರ್ಥಹಳ್ಳಿಗೆ ಒಂದು ಕೇಸಿಗೆಂದು ಹೊರಟ ದಿನ, ಹೊಸನಗರ ತಲುಪುವಾಗ ಮುಳ್ಳು ತಳ ಸೇರಿತು. ಗುತ್ಯಪ್ಪ ಬಸ್ ಸ್ಟ್ಯಾಂಡಿನ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ.

"ಇನ್ನು ಮುಂದೆ ಹೋಗಂಗಿಲ್ಲ ಸ್ವಾಮಿ. ಹೋದ್ರೆ ಇಂಜಿನ್ ಹಿಡ್ಕಂಡು ನಿಂತೇ ಹೋಗ್ತದೆ."

"ಸೀಮೆಎಣ್ಣೆ ಹೊಯ್ದರೆ ಹಿಡ್ಕೊಳ್ಳದೆ ಇರುತ್ತಾ?" ಎಂದೆ, ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಗುತ್ಯಪ್ಪ ಕೆಳಗಿಳಿದ. ಕೀಲಿಯನ್ನು ಕಾರಿನ ಮೇಲಿಟ್ಟ. "ಮೇಸ್ತ್ರಿನ ಕರ್ಕಂಬನ್ನಿ. ಅವ್ರು ನೋಡಿ ಹೇಳೋವರ್ಗೂ ನಾ ಇಲ್ಲೇ ಇರ್ತೀನಿ. ಆಮೇಲೆ ನಿಮ್ ಕೆಲ್ಸ ಬ್ಯಾಡ."

ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ, ಕೇಸಿಗೆ ವಾಯಿದೆ ಪಡೆದು, ಮಧ್ಯಾಹ್ನ ಅಲ್ಲಿ ಕಾರು ರಿಪೇರಿ ಮಾಡುವ ಲೋಬೊ ಮೇಸ್ತ್ರಿಯನ್ನು ಕರೆತಂದೆ. ಗುತ್ಯಪ್ಪ ಅದೇ ಜಾಗದಲ್ಲಿ ಬಿಸಿಲಿಗೆ ನಿಂತಿದ್ದ. ಲೋಬೊ ಮೊದಲು ತಮ್ಮದೇ ಮೀಟರು ಜೋಡಿಸಿ ನೋಡಿದರು. ಕಾರಿನ ಮುಳ್ಳು ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಕಡ್ಡಿ ಎಳೆದು ಮೂಸಿದರು.

"ಸೀಮೆಎಣ್ಣೆ ತಾನೆ?" ಎಂದೆ, ಗೆದ್ದವನಂತೆ.

"ಅಲ್ಲ ವಕೀಲ್ರೇ, ಪೆಟ್ರೋಲು."

ಇಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪನ್ನು ಬಿಚ್ಚಿ, ಅದರೊಳಗಿನ ತೆಳು ಪೊರೆಯನ್ನು ಬೆಳಕಿಗೆ ಹಿಡಿದರು. ಉಗುರಿನಷ್ಟು ಹರಿದಿತ್ತು. ಅಲ್ಲಿಂದ ಪೆಟ್ರೋಲ್ ಸೋರಿ ಆಯಿಲಿಗೆ ಸೇರುತ್ತಿತ್ತು. ಆಯಿಲ್ ಏರಿದ್ದು, ತೆಳುವಾದದ್ದು, ಒತ್ತಡ ಇಳಿದದ್ದು, ಪೆಟ್ರೋಲ್ ಬೇಗ ಮುಗಿದದ್ದು ಎಲ್ಲವೂ ಅದರಿಂದಲೇ. ನನ್ನ ಸಾಕ್ಷ್ಯವೆಲ್ಲ ನಿಜವಾಗಿತ್ತು, ಕಳ್ಳ ಮಾತ್ರ ಇರಲಿಲ್ಲ.

"ಇನ್ನೊಂಚೂರು ಓಡಿಸಿದ್ರೆ ಇಂಜಿನ್ ಹೋಗ್ತಿತ್ತು. ನಿಮ್ಮ ಡ್ರೈವರು ಉಳಿಸಿದಾನೆ," ಎಂದು ಲೋಬೊ ಹೊಸ ಪೊರೆ ಕೂರಿಸಿ, ಹಳೆಯ ಆಯಿಲ್ ಬಸಿದು ಹೊಸತು ತುಂಬಿದರು.

ಕ್ಷಮೆ ಕೇಳಲು ಕೋರ್ಟಿನಲ್ಲಿ ನಮೂನೆಗಳಿವೆ; ಬಸ್ ಸ್ಟ್ಯಾಂಡಿನಲ್ಲಿ ಒಂದೂ ನೆನಪಾಗಲಿಲ್ಲ. ಬೆಳಗಿನ ಜನ ಅಲ್ಲಿರಲಿಲ್ಲ. ಆದರೂ ಬೆಳಿಗ್ಗೆಯಷ್ಟೇ ಗಟ್ಟಿಯಾಗಿ ಹೇಳಿದೆ: "ತಪ್ಪು ನಂದು ಗುತ್ಯಪ್ಪ."

ಅವನು ಕೈ ಒರೆಸಿಕೊಂಡ. "ಆಯಿಲ್ ಏರೋದು ನಂಗೂ ಗೊತ್ತಿತ್ತು ಸ್ವಾಮಿ."

"ಮತ್ತೆ ಹೇಳಬಾರದಿತ್ತೇನಯ್ಯ?"

"ದಿನಾ ನಾ ಬರೋದ್ರೊಳಗೆ ನೀವು ಬಾನೆಟ್ ಎತ್ತೋದು ಕಂಡಿದ್ದೆ. ಖರ್ಚು ಉಳ್ಸಾಕೆ ನೀವೇ ಏನೋ ಹೊಯ್ತಿದೀರಿ ಅಂದ್ಕಂಡಿದ್ದೆ."

ಲೋಬೊ ಬಗ್ಗಿ ನಗತೊಡಗಿದರು. ಯೋಚಿಸಿ ನೋಡಿದೆ: ಗುತ್ಯಪ್ಪನ ಕೇಸು ನನ್ನದಕ್ಕಿಂತ ಗಟ್ಟಿಯಾಗಿತ್ತು. ಅವನ ಬಳಿ ಕಣ್ಣಾರೆ ಕಂಡ ಸಾಕ್ಷಿಯಿತ್ತು!

ಗುತ್ಯಪ್ಪ ಕೀಲಿ ಎತ್ತಿಕೊಂಡ. ನಾನು ಹಿಂದಿನ ಸೀಟು ಬಿಟ್ಟು ಅವನ ಪಕ್ಕದಲ್ಲಿ ಕೂತೆ. ಸಾಗರದ ದಾರಿಯಲ್ಲಿ ಅವನು, ಹಿಂದೊಮ್ಮೆ ಹುಲಿಯೊಂದು ರಸ್ತೆಗೆ ಅಡ್ಡ ಕೂತು ತನ್ನ ಮುಂದೆಯೇ ಮೂರು ಸಲ ಆಕಳಿಸಿ ಎದ್ದು ಹೋದ ಕಥೆ ಹೇಳಿದ. ಒಂದೂ ಪಾಟೀಸವಾಲು ಹಾಕದೆ ನಂಬಿದೆ.