ಮಾವನವರ ದೋಣಿಯ ಎಂಜಿನ್

ತೊಂಬತ್ತರ ದಶಕದ ಕೊನೆಗೆ ಪುಣೆಯಲ್ಲಿ ನಾನು ದುಡಿಯುತ್ತಿದ್ದ ಸ್ಕೂಟರ್ ಗ್ಯಾರೇಜು ಮುಚ್ಚಿತು. ಹೆಂಡತಿಯೊಂದಿಗೆ ಅದೇ ಊರಿನಲ್ಲಿದ್ದ ಅವಳ ತವರಿಗೆ ಹೋಗಿ ಉಳಿದೆ. ಮಾವನವರು ಬೆಳಗಾವಿ ಕಡೆಯವರು, ಬಟ್ಟೆ ವ್ಯಾಪಾರಿ. ನನ್ನನ್ನು ಒಂದು ದಿನವೂ ಹಗುರಾಗಿ ಕಂಡವರಲ್ಲ. ಊಟಕ್ಕೆ ಮೊದಲ ತಾಟು ನನಗೇ ಹಾಕಿಸುವರು. ಎರಡನೇ ಸಲ ಬಡಿಸಲು ಬಂದರೆ ನಾನು ತಾಟಿಗೆ ಕೈ ಅಡ್ಡ ಹಿಡಿಯುತ್ತಿದ್ದೆ.

ಒಂದು ರವಿವಾರ ನನ್ನನ್ನು ಖಡಕವಾಸಲಾ ಅಣೆಕಟ್ಟಿನ ಹಿನ್ನೀರಿಗೆ ಕರೆದೊಯ್ದರು. ಅವರ ಪರಿಚಯದ ಮೀನುಗಾರರೊಬ್ಬರು ದೋಣಿ ಮಾರಲಿದ್ದರು. ಅದರ ಹಿಂಬದಿಗೆ ಹಳೆಯ ಟೂ-ಸ್ಟ್ರೋಕ್ ಎಂಜಿನ್.

"ನೀವು ನೋಡಿ ಹೂಂ ಅಂದ್ರ ಮುಗೀತು, ಅಳಿಯಂದ್ರ," ಎಂದರು ಮಾವ.

ಮುಚ್ಚಳ ತೆಗೆದೆ. ಎರಡೂ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಬೆರಳೊತ್ತಿ ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದೆ. ಮೇಲಿನ ಸಿಲಿಂಡರ್ ಬೆರಳನ್ನು ಜೋರಾಗಿ ತಳ್ಳಿತು. ಕೆಳಗಿನದು ಸುಮ್ಮನೆ ಉಸಿರು ಬಿಟ್ಟಿತು, ಒತ್ತಡವೇ ಇರಲಿಲ್ಲ. ನೀರಿನೊಳಗೆ ತಿರುಗುವ ಫ್ಯಾನಿನ ಮೇಲಿದ್ದ ಗೇರ್ ಡಬ್ಬಿಯ ತಿರುಪು ಸಡಿಲಿಸಿದರೆ ಎಣ್ಣೆ ಹಾಲು ಹಾಕಿದ ಚಹಾದಂತೆ ಇಳಿಯಿತು. ಒಳಗೆ ನೀರು ಹೊಕ್ಕಿತ್ತು.

ತಲೆ ಎತ್ತಿದೆ. ಮಾವನವರು ಆಗಲೇ ಬೂಟು ಕಳಚಿ, ಧೋತರ ಎತ್ತಿಕಟ್ಟಿ ದೋಣಿಯೊಳಗೆ ಕೂತಿದ್ದರು. ಅವರ ಮುಖದಲ್ಲಿ ಅಂಥ ಖುಷಿ ನಾನು ಕಂಡಿರಲಿಲ್ಲ. ಅವರ ಅನ್ನ ತಿನ್ನುವವನು ಬೇಡ ಅನ್ನುವುದು ಹೇಗೆ?

"ಛಲೋ ಅದರಿ," ಎಂದೆ.

ಮುಂದಿನ ರವಿವಾರ, ಕೊಂಡ ದೋಣಿಯಲ್ಲಿ ಮಾವ, ಅತ್ತೆ, ಹೆಂಡತಿ, ನಾನು ಹೊರಟೆವು. ನಡುನೀರಿನಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಹಗ್ಗ ಎಳೆದೆಳೆದು ನನ್ನ ಭುಜ ಸೋತಿತು. ದಂಡೆ ನಾಲ್ಕೂ ಕಡೆ ಕಾಣುತ್ತಿತ್ತು, ಯಾವುದೂ ಹತ್ತಿರವಿರಲಿಲ್ಲ.

"ಅವತ್ತು ನಿಮಗ ಗೊತ್ತಾಗಿತ್ತೇನ್ರಿ?" ಮಾವ ಮೆಲ್ಲಗೆ ಕೇಳಿದರು.

"ಗೊತ್ತಾಗಿತ್ರಿ."

"ಮತ್ಯಾಕ ಹೇಳಲಿಲ್ಲ?"

"ನಿಮ್ಮ ಮನ್ಯಾಗ ಇದ್ದೀನಲ್ರಿ, ಮಾವಾರ."

ಹೆಂಡತಿ ಮುಖ ತಿರುವಿದಳು. ಮಾವ ಹುಟ್ಟು ಕೈಗೆತ್ತಿಕೊಂಡರು. ನಾನು ಕೇಳಿದರೂ ಕೊಡಲಿಲ್ಲ. ದಂಡೆ ಮುಟ್ಟುವಾಗ ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಆಮೇಲೆ ಮನೆಗೆ ಯಾರೇ ಬರಲಿ, ಮಾವ ಈ ಕಥೆ ಹೇಳುತ್ತಿದ್ದರು: "ನಮ್ಮ ಅಳಿಯಂದ್ರು ಬ್ಯಾಡ ಅಂದಿದ್ರು, ನಾನ ಕೇಳಲಿಲ್ಲ." ಪ್ರತಿ ಸಲವೂ ನಾನು ಅಲ್ಲೇ ಕೂತಿರುತ್ತಿದ್ದೆ. ಅವರು ನನ್ನನ್ನು ಬೈದಿದ್ದರೆ ಗಂಟುಮೂಟೆ ಕಟ್ಟಿ ಹೊರಡಬಹುದಿತ್ತು. ಆ ಮನೆಯಲ್ಲಿ ಇನ್ನೂ ಮೂರು ವರ್ಷ ಇದ್ದೆ.